ಇಂಗ್ಲೆಂಡಿನ ಪೇಟೆ ಬೀದಿ ಬ್ಯಾಂಕಿನಲ್ಲಿ ಉಳಿತಾಯ ಖಾತೆ: ನಾಲ್ಕು ಸಲ ಅಲೆದವಳು ಬರೆದ ಮಾರ್ಗದರ್ಶಿ

2019ರ ಸೆಪ್ಟೆಂಬರ್. ಇಂಗ್ಲೆಂಡಿಗೆ ಬಂದು ಮೂರು ವಾರ ಆಗಿತ್ತು. ಯಜಮಾನರದ್ದು ಕೆಲಸದ ವೀಸಾ, ನನ್ನದು ಡಿಪೆಂಡೆಂಟ್ ವೀಸಾ. ಊರಿಂದ ಹೊರಡುವಾಗ ಅಮ್ಮ, "ನಿನ್ನ ಹೆಸರಲ್ಲೇ ಒಂದು ಖಾತೆ ಇಟ್ಕೊ, ನಾಲ್ಕು ಕಾಸು ಅದರಲ್ಲಿರಲಿ" ಅಂದಿದ್ದಳು. ಒಂದು ಶನಿವಾರ ಜಿಟಿಜಿಟಿ ಮಳೆಯಲ್ಲಿ ಪೇಟೆ ಬೀದಿಯ ದೊಡ್ಡ ಬ್ಯಾಂಕಿಗೆ ಹೋಗಿ "ಸೇವಿಂಗ್ಸ್ ಅಕೌಂಟ್ ಬೇಕು" ಅಂದೆ.

"ನಿಮ್ಮ ಕರೆಂಟ್ ಅಕೌಂಟ್ ಯಾವ ಬ್ಯಾಂಕಲ್ಲಿದೆ?" ಅಂತ ಕೌಂಟರಿನ ಹುಡುಗಿ ಕೇಳಿದಳು.

"ನಮಗೆ ಅಂಗಡಿ, ವ್ಯಾಪಾರ ಏನೂ ಇಲ್ಲ" ಅಂದೆ.

ನಾನು ಹೇಳಿದ್ದು ಅವಳಿಗೆ ತಿಳಿಯಲಿಲ್ಲ, ಅವಳು ಕೇಳಿದ್ದು ನನಗೆ ತಿಳಿಯಲಿಲ್ಲ. ಇಬ್ಬರೂ ನಗುತ್ತಲೇ ಇದ್ದೆವು. ಹನ್ನೆರಡು ದಿನ ಬಿಟ್ಟು ಬರುವಂತೆ ಒಂದು ಅಪಾಯಿಂಟ್‌ಮೆಂಟ್ ಚೀಟಿ ಕೈಗಿತ್ತಳು. ಅಲ್ಲಿಂದ ಶುರುವಾದ ಓಡಾಟ ಮುಗಿಯುವ ಹೊತ್ತಿಗೆ ನಾನು ಆ ಬ್ಯಾಂಕಿನ ಮೆಟ್ಟಿಲು ನಾಲ್ಕು ಸಲ ಹತ್ತಿದ್ದೆ.

ಆಮೇಲೆ ಹೊಸದಾಗಿ ಬಂದ ಕನ್ನಡದವರು ಎಷ್ಟೋ ಜನ ನನ್ನ ಹತ್ತಿರ ಇದೇ ಗೋಳು ಹೇಳಿಕೊಂಡಿದ್ದಾರೆ. ಓದಲು ಬಂದ ಮಕ್ಕಳು, ನರ್ಸ್‌ಗಳು, ಐಟಿಯವರ ಹೆಂಡಂದಿರು. ಎಲ್ಲರೂ ಎಡವುವುದು ಹೆಚ್ಚುಕಡಿಮೆ ಅವೇ ಜಾಗಗಳಲ್ಲಿ. ಬ್ಯಾಂಕಿನವರು ಒರಟರಲ್ಲ, ಕಾಗದದ ವಿಷಯದಲ್ಲಿ ಮಾತ್ರ ಮೊಂಡರು. ನಿಮ್ಮ ಹೆಸರು ಮತ್ತು ವಿಳಾಸ ಎಲ್ಲಾ ಕಾಗದದಲ್ಲೂ ಒಂದೇ ಥರ ಇದ್ದರೆ ಖಾತೆ ಅರ್ಧ ಗಂಟೆಯ ಕೆಲಸ. ಇಲ್ಲದಿದ್ದರೆ ಎರಡು ತಿಂಗಳೂ ಆಗಬಹುದು. ಅದಕ್ಕೇ ಇಲ್ಲಿನ ಹೆಚ್ಚಿನ ಹೆಜ್ಜೆಗಳು ಬ್ಯಾಂಕಿಗೆ ಹೋಗುವ ಮೊದಲು ಮನೆಯಲ್ಲಿ ಮಾಡಬೇಕಾದವು.

ಹೆಜ್ಜೆ 1: ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳಿ

ನಮ್ಮಲ್ಲಿ ಎಸ್‌ಬಿ ಖಾತೆ ಅಂದರೆ ಎಲ್ಲದಕ್ಕೂ ಅದೇ. ಸಂಬಳ ಅದಕ್ಕೇ ಬರುತ್ತದೆ, ಎಟಿಎಂ ಕಾರ್ಡು ಅದರದ್ದೇ, ಕರೆಂಟ್ ಬಿಲ್ಲೂ ಅದರಿಂದಲೇ. ಕರೆಂಟ್ ಅಕೌಂಟ್ ಅಂದರೆ ವ್ಯಾಪಾರಸ್ಥರದ್ದು.

ಬ್ರಿಟನ್ನಿನಲ್ಲಿ ಇದು ಬೇರೆ. ದಿನಬಳಕೆಯ ಖಾತೆಗೆ ಕರೆಂಟ್ ಅಕೌಂಟ್ ಅನ್ನುತ್ತಾರೆ. ಡೆಬಿಟ್ ಕಾರ್ಡು, ಸಂಬಳ, ಬಾಡಿಗೆ, ಬಿಲ್ಲು ಎಲ್ಲಾ ಅದರಲ್ಲೇ. ಇದಕ್ಕೆ ಸಾಮಾನ್ಯವಾಗಿ ಬಡ್ಡಿ ಇರುವುದಿಲ್ಲ, ಇದ್ದರೂ ಅಷ್ಟಕ್ಕಷ್ಟೆ. ಸೇವಿಂಗ್ಸ್ ಅಕೌಂಟ್ ಅಂದರೆ ದುಡ್ಡು ಎತ್ತಿಡುವ ಡಬ್ಬಿ. ಅದಕ್ಕೆ ಸಾಮಾನ್ಯವಾಗಿ ಡೆಬಿಟ್ ಕಾರ್ಡು ಇಲ್ಲ. ಅದರಿಂದ ಬಾಡಿಗೆ ಕಟ್ಟಲೂ ಆಗುವುದಿಲ್ಲ. ಬಹಳಷ್ಟು ಉಳಿತಾಯ ಖಾತೆಗಳಿಗೆ ದುಡ್ಡು ಹೋಗುವುದೂ ಬರುವುದೂ ನಿಮ್ಮ ಹೆಸರಿನ ಒಂದು ಬ್ರಿಟಿಷ್ ಕರೆಂಟ್ ಅಕೌಂಟ್ ಮೂಲಕವೇ.

ಅಂದರೆ ಮೊದಲು ಕರೆಂಟ್ ಅಕೌಂಟ್ ತೆಗೆಯಿರಿ, ಸೇವಿಂಗ್ಸ್ ಆಮೇಲೆ. ಒಮ್ಮೆ ಮೊದಲನೆಯದು ಆಯಿತೆಂದರೆ ಅದೇ ಬ್ಯಾಂಕಿನ ಆ್ಯಪಿನಲ್ಲಿ ಉಳಿತಾಯ ಖಾತೆ ತೆಗೆಯಲು ಐದು ನಿಮಿಷ ಸಾಕು. ಕಷ್ಟವೆಲ್ಲ ಇರುವುದು ಮೊದಲನೆಯದರಲ್ಲಿ. ನನಗೆ ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಒಂದು ಓಡಾಟವಾದರೂ ಉಳಿಯುತ್ತಿತ್ತು.

ಇನ್ನೊಂದೆರಡು ಪದ. ಇಲ್ಲಿ ಐಎಫ್‌ಎಸ್‌ಸಿ ಇಲ್ಲ. 6 ಅಂಕಿಯ ಸಾರ್ಟ್ ಕೋಡ್, 8 ಅಂಕಿಯ ಖಾತೆ ಸಂಖ್ಯೆ, ಅಷ್ಟೇ. ಪಾಸ್‌ಬುಕ್ ದೊಡ್ಡ ಬ್ಯಾಂಕುಗಳಲ್ಲಿ ಹೆಚ್ಚುಕಡಿಮೆ ಮಾಯವಾಗಿದೆ. ಕೆಲವು ಬಿಲ್ಡಿಂಗ್ ಸೊಸೈಟಿಗಳಲ್ಲಿ ಈಗಲೂ ಕೊಡುತ್ತಾರೆ. ಬಿಲ್ಡಿಂಗ್ ಸೊಸೈಟಿ ಅಂದಾಕ್ಷಣ ನಮ್ಮ ಹೌಸಿಂಗ್ ಸೊಸೈಟಿ ನೆನಪಾಗುತ್ತದೆ, ಅಲ್ವಾ? ಅದಲ್ಲ. ಇವು ಸದಸ್ಯರೇ ಒಡೆಯರಾಗಿರುವ ಬ್ಯಾಂಕಿನಂಥ ಸಂಸ್ಥೆಗಳು. ನೇಷನ್‌ವೈಡ್ ಇವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು.

ಹೆಜ್ಜೆ 2: ಬ್ಯಾಂಕು ಏನನ್ನು ಹುಡುಕುತ್ತಿದೆ ಅಂತ ತಿಳಿದುಕೊಳ್ಳಿ

ಮೇಜಿನ ಆಚೆ ಕೂತವರು ನೋಡುವುದು ಮೂರೇ ವಿಷಯ. ನೀವು ಯಾರು, ಎಲ್ಲಿ ವಾಸ, ಈ ದೇಶದಲ್ಲಿರಲು ನಿಮಗೆ ಅನುಮತಿ ಇದೆಯೇ. ಮೊದಲ ಎರಡನ್ನು 2017ರ ಹಣ ಅಕ್ರಮ ವರ್ಗಾವಣೆ ತಡೆ ನಿಯಮಗಳ ಪ್ರಕಾರ ನೋಡಲೇಬೇಕು. ಮೂರನೆಯದು 2014ರ ವಲಸೆ ಕಾಯ್ದೆಯಿಂದ ಬಂದದ್ದು. ದೇಶದಲ್ಲಿರಲು ಅನುಮತಿ ಇಲ್ಲದವರಿಗೆ ಕರೆಂಟ್ ಅಕೌಂಟ್ ತೆರೆಯುವಂತಿಲ್ಲ ಅಂತ ಅದು ಹೇಳುತ್ತದೆ.

ಕಾನೂನು ಇಷ್ಟು ಹೇಳಿ ಸುಮ್ಮನಾಗುತ್ತದೆ. ಯಾವ ಕಾಗದ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಅನ್ನುವುದನ್ನು ಒಂದೊಂದು ಬ್ಯಾಂಕು ತನ್ನದೇ ಪಟ್ಟಿ ಮಾಡಿಕೊಂಡಿದೆ. ಹಾಗಾಗಿ ಪಕ್ಕದ ಮನೆಯವರ ಬಾಡಿಗೆ ಕರಾರನ್ನು ಒಂದು ಬ್ಯಾಂಕು ಒಪ್ಪಿದ ಊರಲ್ಲೇ ನಿಮ್ಮದನ್ನು ಬೇರೆ ಬ್ಯಾಂಕು ಒಪ್ಪದೆ ಇರಬಹುದು. "ಅವರಿಗೆ ಆಯ್ತಲ್ಲ, ನನಗ್ಯಾಕಿಲ್ಲ" ಅಂತ ವಾದಕ್ಕಿಳಿದರೆ ಪ್ರಯೋಜನವಿಲ್ಲ. ನಾನು ಮಾಡಿ ನೋಡಿದ್ದೇನೆ. ಹೋಗುವ ಮೊದಲು ಆ ಬ್ಯಾಂಕಿನ ವೆಬ್‌ಸೈಟಿನಲ್ಲಿ ಒಪ್ಪುವ ದಾಖಲೆಗಳ ಪಟ್ಟಿ ಹುಡುಕಿ, ಪ್ರಿಂಟ್ ತೆಗೆದು ಜೊತೆಗೆ ಒಯ್ಯಿರಿ. ಕೌಂಟರಿನವರು "ಇದು ನಡೆಯಲ್ಲ" ಅಂದಾಗ ಅವರದೇ ಪಟ್ಟಿ ತೋರಿಸುವುದು ವಾದ ಮಾಡುವುದಕ್ಕಿಂತ ಸುಲಭ.

ಅನುಮತಿಯ ವಿಷಯ ಈಗ ಸ್ವಲ್ಪ ಬದಲಾಗಿದೆ. ನಾನು ಬಂದಾಗ ಬಿಆರ್‌ಪಿ ಅನ್ನುವ ಪ್ಲಾಸ್ಟಿಕ್ ಕಾರ್ಡು ಕೊಡುತ್ತಿದ್ದರು. ಆ ಕಾರ್ಡುಗಳ ಕಾಲ 2024ರ ಕೊನೆಗೆ ಮುಗಿಯಿತು. ಈಗ ಇ-ವೀಸಾ. ಯುಕೆವಿಐ, ಅಂದರೆ ಇಲ್ಲಿನ ವೀಸಾ ಇಲಾಖೆಯ, ಆನ್‌ಲೈನ್ ಖಾತೆಗೆ ಲಾಗಿನ್ ಆಗಿ, ನಿಮ್ಮ ವೀಸಾ ವಿವರವನ್ನು ಬೇರೆಯವರು ನೋಡಲು ಬೇಕಾದ ಶೇರ್ ಕೋಡ್ ತೆಗೆಯಬೇಕು. ಅದು 9 ಅಕ್ಷರ-ಅಂಕಿಗಳ ಕೋಡು, 90 ದಿನ ನಡೆಯುತ್ತದೆ. ಕೋಡು ಯಾತಕ್ಕೆ ಅಂತ ಕೇಳುವಾಗ ಕೆಲಸಕ್ಕೆ, ಬಾಡಿಗೆಗೆ, ಬೇರೆ ಕಾರಣಕ್ಕೆ ಅಂತ ಆಯ್ಕೆಗಳಿರುತ್ತವೆ. ಬ್ಯಾಂಕಿಗೆ ಆರಿಸಬೇಕಾದ್ದು ಬೇರೆ ಕಾರಣ ಅನ್ನುವುದನ್ನು. ಹೊಸ ಪಾಸ್‌ಪೋರ್ಟ್ ಮಾಡಿಸಿದ್ದರೆ ಅದರ ಸಂಖ್ಯೆಯನ್ನು ಆ ಖಾತೆಯಲ್ಲಿ ಬದಲಿಸಿದ್ದೀರಾ ಅಂತ ನೋಡಿಕೊಳ್ಳಿ. ಬಹಳ ಜನ ಮರೆಯುತ್ತಾರೆ.

ಹೆಜ್ಜೆ 3: ನಮ್ಮ ಹೆಸರು ಎಂಬ ತಲೆನೋವು

ಇಂಗ್ಲಿಷರ ಫಾರಂಗೆ ಹೆಸರು ಅಂದರೆ ಎರಡು ಭಾಗ, ಫಸ್ಟ್ ನೇಮ್, ಲಾಸ್ಟ್ ನೇಮ್. ನಮ್ಮ ಹೆಸರುಗಳಿಗೆ ಆ ಅಚ್ಚು ಹಿಡಿಸುವುದಿಲ್ಲ. ಮುಂದೆ ಊರಿನ ಇನಿಷಿಯಲ್, ಅಪ್ಪನ ಇನಿಷಿಯಲ್, ಆಮೇಲೆ ಹೆಸರು. ಕೆಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಕೆಲವರಿಗೆ ಅಪ್ಪನ ಹೆಸರೇ ಸರ್‌ನೇಮ್ ಆಗಿ ಕೂತಿದೆ. ಮದುವೆಯಾದವರಿಗೆ ಗಂಡನ ಹೆಸರು. ನನ್ನದು ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಥರ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಥರ. ಮನೆ ಬಾಡಿಗೆ ಏಜೆಂಟು ಮೂರನೇ ಥರ ಬರೆದುಕೊಂಡಿದ್ದ.

ಸ್ಪೆಲ್ಲಿಂಗ್ ಇನ್ನೊಂದು ಕಥೆ. ಸವಿತಾ, ಲತಾ, ಗೀತಾ ಅನ್ನುವ ಹೆಸರುಗಳಿಗೆ ನಾವು ಇಂಗ್ಲಿಷಿನಲ್ಲಿ ಟಿ ಪಕ್ಕ ಎಚ್ ಹಾಕುತ್ತೇವೆ, ಉತ್ತರದವರು ಹಾಕುವುದಿಲ್ಲ. ಫೋನಿನಲ್ಲಿ ಹೆಸರು ಹೇಳಿದರೆ ಇಲ್ಲಿನವರು ಮನಸ್ಸಿಗೆ ಬಂದಂತೆ ಬರೆದುಕೊಳ್ಳುತ್ತಾರೆ. ಆ ಒಂದು ಎಚ್ ಇಲ್ಲದ ಗ್ಯಾಸ್ ಬಿಲ್ಲು ಬ್ಯಾಂಕಿನಲ್ಲಿ ಬರೀ ರದ್ದಿ ಕಾಗದ.

ಇದಕ್ಕೆ ನಾನು ಕಂಡುಕೊಂಡ ಮದ್ದು ಒಂದೇ. ಇ-ವೀಸಾದಲ್ಲಿ ಹೆಸರು ಹೇಗಿದೆಯೋ ಅದನ್ನು ಅಕ್ಷರ ಬಿಡದೆ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ. ಪಾಸ್‌ಪೋರ್ಟಿಗೂ ಅದಕ್ಕೂ ವ್ಯತ್ಯಾಸ ಇದ್ದರೆ ಮೊದಲು ಅದನ್ನು ಸರಿಪಡಿಸಲು ಅರ್ಜಿ ಹಾಕಿ. ಆಮೇಲೆ ಬಾಡಿಗೆ ಕರಾರು, ವಿಶ್ವವಿದ್ಯಾಲಯ, ಆಫೀಸಿನ ಎಚ್‌ಆರ್, ಗ್ಯಾಸ್ ಕಂಪನಿ, ಜಿಪಿ ಡಾಕ್ಟರ್ ಎಲ್ಲಾ ಕಡೆ ಆ ಚೀಟಿಯಲ್ಲಿರುವ ಹೆಸರೇ. ಇನಿಷಿಯಲ್ ಬಿಡಿಸಿ ಬರೆಯುವುದು, ಮೊಟಕು ಮಾಡುವುದು, ಮನೆಯಲ್ಲಿ ಕರೆಯುವ ಹೆಸರು ಹಾಕುವುದು ಯಾವುದೂ ಬೇಡ.

ಖಾತೆ ಆದ ಮೇಲೂ ಇದು ಮುಗಿಯುವುದಿಲ್ಲ. ಇಲ್ಲಿ ದುಡ್ಡು ಕಳಿಸುವಾಗ ಖಾತೆ ಸಂಖ್ಯೆಯ ಜೊತೆ ಹೆಸರೂ ತಾಳೆಯಾಗುತ್ತದೆಯೇ ಅಂತ ಬ್ಯಾಂಕು ನೋಡುತ್ತದೆ. ಹೆಸರು ಹೊಂದದಿದ್ದರೆ ಕಳಿಸುವವರ ಫೋನಿನಲ್ಲಿ ಎಚ್ಚರಿಕೆ ಬರುತ್ತದೆ. ಗೆಳತಿಯರು ದುಡ್ಡು ಕಳಿಸುವ ಮೊದಲು "ಇದು ನಿಂದೇನಾ?" ಅಂತ ನನಗೆ ಈಗಲೂ ಫೋನ್ ಮಾಡುತ್ತಾರೆ.

ಹೆಜ್ಜೆ 4: ವಿಳಾಸದ ಪುರಾವೆ, ಎಲ್ಲರೂ ಸಿಕ್ಕಿಬೀಳುವ ಜಾಗ

ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಅನ್ನುತ್ತಾರಲ್ಲ, ಇದು ಅದೇ. ಮನೆ ಬಾಡಿಗೆಗೆ ಕೊಡುವವರು ಬ್ಯಾಂಕ್ ಖಾತೆ ಕೇಳುತ್ತಾರೆ. ಬ್ಯಾಂಕಿನವರು ಮನೆ ವಿಳಾಸದ ಪುರಾವೆ ಕೇಳುತ್ತಾರೆ. ಬಿಲ್ಲಿನ ಕಂಪನಿ ಬ್ಯಾಂಕಿನಿಂದ ಡೈರೆಕ್ಟ್ ಡೆಬಿಟ್, ಅಂದರೆ ಬಿಲ್ಲಿನ ದುಡ್ಡು ಖಾತೆಯಿಂದ ತಾನಾಗಿ ಹೋಗುವ ಏರ್ಪಾಡು, ಕೇಳುತ್ತದೆ.

ಸಾಮಾನ್ಯವಾಗಿ ನಡೆಯುವ ಕಾಗದಗಳು: ಈ ಸಾಲಿನ ಕೌನ್ಸಿಲ್ ಟ್ಯಾಕ್ಸ್ (ನಮ್ಮ ನಗರಸಭೆಯಂಥ ಕೌನ್ಸಿಲ್ ಹಾಕುವ ಮನೆ ತೆರಿಗೆ) ಬಿಲ್, ಇತ್ತೀಚಿನ ಗ್ಯಾಸ್, ವಿದ್ಯುತ್ ಅಥವಾ ನೀರಿನ ಬಿಲ್, ತೆರಿಗೆ ಇಲಾಖೆಯ ಪತ್ರ, ಬ್ರಿಟಿಷ್ ಡ್ರೈವಿಂಗ್ ಲೈಸೆನ್ಸ್, ಇನ್ನೊಂದು ಬ್ರಿಟಿಷ್ ಬ್ಯಾಂಕಿನ ಸ್ಟೇಟ್‌ಮೆಂಟ್. ಬಾಡಿಗೆ ಕರಾರನ್ನು ಕೆಲವರು ಒಪ್ಪುತ್ತಾರೆ, ಕೆಲವರು ಏಜೆನ್ಸಿ ಮೂಲಕ ಮಾಡಿದ್ದನ್ನು ಮಾತ್ರ ಒಪ್ಪುತ್ತಾರೆ. ಮೊಬೈಲ್ ಬಿಲ್ಲು ಬಹಳ ಕಡೆ ನಡೆಯುವುದಿಲ್ಲ. ಕಂಪ್ಯೂಟರಿನಿಂದ ಪ್ರಿಂಟ್ ತೆಗೆದ ಬಿಲ್ಲನ್ನೂ ಕೆಲವು ಕಡೆ ತಳ್ಳಿಹಾಕುತ್ತಾರೆ. ಅದಕ್ಕೇ ಬಿಲ್ಲಿನ ಕಂಪನಿಗೆ "ಮೊದಲ ಬಿಲ್ಲು ಅಂಚೆಯಲ್ಲೇ ಕಳಿಸಿ" ಅಂತ ಹೇಳುವುದು ಒಳ್ಳೆಯದು.

ಈಗ ನನ್ನಂಥವರ ವಿಷಯ. ಮನೆಯ ಎಲ್ಲಾ ಕಾಗದ ಯಜಮಾನರ ಹೆಸರಲ್ಲಿತ್ತು. ಎರಡನೇ ಸಲ ಹೋದಾಗ ಅವರ ವಿದ್ಯುತ್ ಬಿಲ್ಲು, ನಮ್ಮ ಮದುವೆ ಸರ್ಟಿಫಿಕೇಟು ಎರಡನ್ನೂ ಇಟ್ಟೆ. ಮದುವೆ ಆಗಿದೆ ಅನ್ನುವುದು ಗೊತ್ತಾಯಿತು, ಆದರೆ ಅದೇ ಮನೆಯಲ್ಲಿ ಇದ್ದೀರಿ ಅನ್ನುವುದಕ್ಕೆ ಅದು ಪುರಾವೆ ಅಲ್ಲ ಅಂದರು. ಕೋಪ ಬಂತು. ವಾಪಸ್ ಬರುವಾಗ ದಾರಿಯುದ್ದಕ್ಕೂ ಕನ್ನಡದಲ್ಲಿ ಬೈದುಕೊಂಡೆ.

ಬಿಡಿಸಿದ್ದು ಒಂದು ಸಣ್ಣ ಕೆಲಸ. ಕೌನ್ಸಿಲ್ಲಿಗೆ ಫೋನ್ ಮಾಡಿ, ಕೌನ್ಸಿಲ್ ಟ್ಯಾಕ್ಸ್ ಬಿಲ್ಲಿಗೆ ನನ್ನ ಹೆಸರನ್ನೂ ಸೇರಿಸಿ ಅಂದೆ. ಗಂಡ ಹೆಂಡತಿ ಒಟ್ಟಿಗಿದ್ದರೆ ಆ ತೆರಿಗೆಗೆ ಇಬ್ಬರೂ ಜವಾಬ್ದಾರರು. ಹಾಗಾಗಿ ಅವರಿಗೂ ಅದು ಬೇಕಾದದ್ದೇ. ಖರ್ಚಿಲ್ಲ. ಹತ್ತು ದಿನದಲ್ಲಿ ಇಬ್ಬರ ಹೆಸರಿನ ಹೊಸ ಬಿಲ್ಲು ಬಾಗಿಲ ಸಂದಿಯಿಂದ ಒಳಗೆ ಬಿತ್ತು. ಡಿಪೆಂಡೆಂಟ್ ವೀಸಾದಲ್ಲಿ ಬರುವ ಎಲ್ಲರಿಗೂ ನಾನು ಮೊದಲು ಹೇಳುವ ಮಾತು ಇದೇ. ಬಾಡಿಗೆ ಕರಾರಿನಲ್ಲೂ ಇಬ್ಬರ ಹೆಸರು ಹಾಕಿಸಿ, ವಿದ್ಯುತ್ತಿನದ್ದು ಒಬ್ಬರ ಹೆಸರಿಗೆ, ನೀರಿನದ್ದು ಇನ್ನೊಬ್ಬರ ಹೆಸರಿಗೆ ಮಾಡಿಸಿ.

ವಿದ್ಯಾರ್ಥಿಗಳಿಗೆ ಈ ದಾರಿ ಇಲ್ಲ. ಪೂರ್ಣಾವಧಿ ವಿದ್ಯಾರ್ಥಿಗಳೇ ಇರುವ ಮನೆಗೆ ಕೌನ್ಸಿಲ್ ಟ್ಯಾಕ್ಸ್ ಇಲ್ಲ, ಬಾಡಿಗೆಯಲ್ಲೇ ಬಿಲ್ಲು ಸೇರಿರುತ್ತದೆ. ಅಲ್ಲಿಗೆ ಎರಡು ಮುಖ್ಯ ಪುರಾವೆಗಳೂ ಹೋದವು. ಅವರಿಗೆ ಇರುವುದು ವಿಶ್ವವಿದ್ಯಾಲಯದ ಬ್ಯಾಂಕ್ ಲೆಟರ್. ನಿಮ್ಮ ಹೆಸರು, ಕೋರ್ಸು, ಇಲ್ಲಿನ ವಿಳಾಸ ಹಾಕಿ ಅವರು ಕೊಡುವ ಪತ್ರ ಅದು. ಯಾವ ಬ್ಯಾಂಕಿಗೆ ಅಂತ ಅದರಲ್ಲಿ ಬರೆದಿರುವುದೂ ಉಂಟು, ಹಾಗಾಗಿ ಬ್ಯಾಂಕು ಆರಿಸಿಕೊಂಡೇ ಪತ್ರ ಕೇಳಿ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ. ನೋಂದಣಿ ಆದ ದಿನವೇ ಕೇಳಿದರೆ ಬಚಾವು. ಹಾಸ್ಟೆಲ್ಲಿನಿಂದ ಬೇರೆ ಮನೆಗೆ ಹೋಗುವ ಯೋಚನೆ ಇದ್ದರೆ, ಯಾವ ವಿಳಾಸ ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ.

ಪ್ರೊವಿಷನಲ್ ಡ್ರೈವಿಂಗ್ ಲೈಸೆನ್ಸ್, ಅಂದರೆ ನಮ್ಮ ಎಲ್‌ಎಲ್ ಥರದ್ದು, ಇನ್ನೊಂದು ಉಪಾಯ. ಆನ್‌ಲೈನಿನಲ್ಲಾದರೆ 34 ಪೌಂಡ್, ಅಂಚೆಯಲ್ಲಾದರೆ 43. ಕಾರು ಓಡಿಸದಿದ್ದರೂ ಪರವಾಗಿಲ್ಲ. ಫೋಟೊ, ಹೆಸರು, ವಿಳಾಸ ಮೂರೂ ಒಂದೇ ಕಾರ್ಡಿನಲ್ಲಿ ಸಿಗುತ್ತದೆ. ಪಾಸ್‌ಪೋರ್ಟನ್ನು ಗುರುತಿಗೆ ಕೊಟ್ಟು ಇದನ್ನು ವಿಳಾಸಕ್ಕೆ ಕೊಡಬಹುದು. ಒಂದೇ ಕಾಗದವನ್ನು ಎರಡಕ್ಕೂ ಒಪ್ಪುವುದಿಲ್ಲ, ನೆನಪಿರಲಿ.

ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಸಂಗತಿ. ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ ಸರಿಯಾದ ವೀಸಾದಲ್ಲಿ ಇಲ್ಲಿ ವಾಸವಿರುವ ಭಾರತೀಯರು ಇಲ್ಲಿನ ಮತದಾರರ ಪಟ್ಟಿಗೆ ಸೇರಬಹುದು, ವೋಟೂ ಹಾಕಬಹುದು. ಹೌದು, ಪಾರ್ಲಿಮೆಂಟ್ ಚುನಾವಣೆಯಲ್ಲೂ. ಸರ್ಕಾರದ ವೆಬ್‌ಸೈಟಿನಲ್ಲಿ ಐದು ನಿಮಿಷದ ಅರ್ಜಿ, ದುಡ್ಡಿಲ್ಲ. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಅನ್ನುವ, ಜನರ ಸಾಲದ ಚರಿತ್ರೆ (ಕ್ರೆಡಿಟ್ ಹಿಸ್ಟರಿ) ಇಡುವ ಮೂರು ಸಂಸ್ಥೆಗಳ ಕಡತಕ್ಕೆ ನಿಮ್ಮ ಹೆಸರು, ವಿಳಾಸ ಸೇರಲು ಇದು ಸಹಾಯ ಮಾಡುತ್ತದೆ. ಆನ್‌ಲೈನಿನಲ್ಲಿ ಅರ್ಜಿ ಹಾಕಿದಾಗ ಬ್ಯಾಂಕಿನ ಕಂಪ್ಯೂಟರು ಇಣುಕಿ ನೋಡುವುದು ಆ ಕಡತಗಳನ್ನೇ. ಹೊಸದಾಗಿ ಬಂದವರ ಅರ್ಜಿ "ನಿಮ್ಮನ್ನು ಗುರುತಿಸಲು ಆಗಲಿಲ್ಲ" ಅಂತ ವಾಪಸ್ಸಾಗುವುದು ಅಲ್ಲಿ ಏನೂ ಇಲ್ಲದಿರುವುದರಿಂದ. ಪಟ್ಟಿ ಸೇರಿ ಕಡತಕ್ಕೆ ಬರಲು ಕೆಲವು ವಾರ ಬೇಕು, ಅದಕ್ಕೆ ಬಂದ ಕೂಡಲೇ ಮಾಡಿ.

ವಿಳಾಸವನ್ನು ಬರೆಯುವ ರೀತಿಯೂ ಒಂದೇ ಇರಲಿ. ಒಂದು ಮನೆಯನ್ನು ಮೂರು ಮಾಡಿ ಬಾಡಿಗೆಗೆ ಕೊಟ್ಟಿರುವ ಕಡೆ "ಫ್ಲ್ಯಾಟ್ 1", "ಗ್ರೌಂಡ್ ಫ್ಲೋರ್ ಫ್ಲ್ಯಾಟ್", "14ಎ" ಮೂರೂ ಒಂದೇ ಬಾಗಿಲಾಗಿರಬಹುದು. ಬ್ಯಾಂಕಿಗೆ ಅದು ಮೂರು ಮನೆ. ರಾಯಲ್ ಮೇಲ್ ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿ ಅಲ್ಲಿ ಹೇಗಿದೆಯೋ ಹಾಗೇ ಬರೆಯಿರಿ.

ಹೆಜ್ಜೆ 5: ಮೊದಲ ಖಾತೆ ಎಲ್ಲಿ ತೆಗೆಯುವುದು?

ನನ್ನ ಅಭಿಪ್ರಾಯ ನೇರ. ಇವತ್ತು ಬಂದಿಳಿದಿದ್ದರೆ ಮೊದಲು ಫೋನಿನಲ್ಲೇ ನಡೆಯುವ ಬ್ಯಾಂಕು ನೋಡುತ್ತಿದ್ದೆ. ಮೊಂಜೊ, ಸ್ಟಾರ್ಲಿಂಗ್ ಥರದವು. ಪಾಸ್‌ಪೋರ್ಟಿನ ಫೋಟೊ, ನಿಮ್ಮ ಒಂದು ಸಣ್ಣ ವಿಡಿಯೊ, ಇಲ್ಲಿನ ವಿಳಾಸ ಇಷ್ಟರಲ್ಲೇ ಎಷ್ಟೋ ಜನಕ್ಕೆ ಖಾತೆ ಆಗಿದೆ. ಸಂಬಳ, ಬಾಡಿಗೆಗೆ ಅದು ಸಾಕು. ಕೆಲವು ತಿಂಗಳು ಬಿಟ್ಟು ಅದರ ಸ್ಟೇಟ್‌ಮೆಂಟು, ಕೌನ್ಸಿಲ್ ಟ್ಯಾಕ್ಸ್ ಬಿಲ್ಲು ಹಿಡಿದುಕೊಂಡು ದೊಡ್ಡ ಬ್ಯಾಂಕಿಗೆ ಹೋದರೆ ಮಾತೇ ಬೇರೆ.

ಹಾಗಾದರೆ ಪೇಟೆ ಬೀದಿಯ ಬ್ಯಾಂಕು ಯಾಕೆ ಬೇಕು? ನಗದು ಕಟ್ಟಲು, ಮುಖ ನೋಡಿ ಮಾತಾಡಲು, ಮುಂದೆ ಮನೆ ಸಾಲ ಕೇಳಲು, ವಯಸ್ಸಾದ ಅಪ್ಪ ಅಮ್ಮ ಬಂದು ಸೇರಿಕೊಂಡಿದ್ದರೆ ಅವರಿಗಾಗಿ. ಆದರೆ ಶಾಖೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಎಲ್ಲಾ ಶಾಖೆ ಮುಚ್ಚಿದ ಊರುಗಳಲ್ಲಿ ಬ್ಯಾಂಕುಗಳು ಸೇರಿ ಬ್ಯಾಂಕಿಂಗ್ ಹಬ್ ನಡೆಸುತ್ತವೆ. 2021ರಲ್ಲಿ ರೋಚ್‌ಫರ್ಡ್ ಮತ್ತು ಕ್ಯಾಂಬಸ್‌ಲ್ಯಾಂಗ್‌ನಲ್ಲಿ ಶುರುವಾದ ಪ್ರಯೋಗ ಅದು. ಅಲ್ಲಿ ವಾರದ ಒಂದೊಂದು ದಿನ ಒಂದೊಂದು ಬ್ಯಾಂಕಿನವರು ಬಂದು ಕೂರುತ್ತಾರೆ. ಹೋಗುವ ಮೊದಲು ನಿಮ್ಮ ಬ್ಯಾಂಕಿನ ದಿನ ಯಾವುದು ಅಂತ ನೋಡಿ, ಇಲ್ಲವಾದರೆ ಬಂದ ದಾರಿಗೆ ಸುಂಕ ಇಲ್ಲ.

ವೈಸ್‌ನಂಥ ಹಣ ರವಾನೆ ಕಂಪನಿಗಳ ಖಾತೆ ಬ್ಯಾಂಕ್ ಖಾತೆ ಅಲ್ಲ. ಊರಿಗೆ ದುಡ್ಡು ಕಳಿಸಲು ಸರಿ, ಉಳಿತಾಯಕ್ಕೆ ಬೇಡ.

ಹೆಜ್ಜೆ 6: ಅಪಾಯಿಂಟ್‌ಮೆಂಟಿನ ದಿನ

ಮೂಲ ಪಾಸ್‌ಪೋರ್ಟ್, ಶೇರ್ ಕೋಡ್, ವಿಳಾಸಕ್ಕೆ ಎರಡು ಬೇರೆ ಬೇರೆ ಪುರಾವೆ, ಕೆಲಸದ ಪತ್ರ ಅಥವಾ ವಿಶ್ವವಿದ್ಯಾಲಯದ ಪತ್ರ, ಪ್ಯಾನ್ ಸಂಖ್ಯೆ. ಪ್ಯಾನ್ ಯಾಕೆ ಅಂತೀರಾ? ಯಾವ ಯಾವ ದೇಶದಲ್ಲಿ ತೆರಿಗೆಯ ನಿವಾಸಿ ನೀವು ಅಂತ ಬ್ಯಾಂಕು ಕೇಳಲೇಬೇಕು. ಭಾರತ ಅಂತ ಬರೆದರೆ ಅಲ್ಲಿನ ತೆರಿಗೆ ಸಂಖ್ಯೆ ಕೇಳುತ್ತಾರೆ. ಅದು ಪ್ಯಾನ್.

ಕಳೆದ ಮೂರು ವರ್ಷ ಎಲ್ಲೆಲ್ಲಿ ಇದ್ದಿರಿ ಅಂತಲೂ ಕೇಳುವುದುಂಟು. ನಮ್ಮ ಊರಿನ ವಿಳಾಸ ಹೇಳಿದಾಗ ಮಜಾ ನೋಡಬೇಕು. ನಂಬರು, ಕ್ರಾಸು, ಮೇನು, ಹಂತ, ಬಡಾವಣೆ, ದೇವಸ್ಥಾನದ ಎದುರು ಅಂತ ಹೇಳುತ್ತಾ ಹೋದರೆ ಅವರ ಕಂಪ್ಯೂಟರಿನ ಸಾಲು ಅರ್ಧಕ್ಕೇ ತುಂಬಿಹೋಗುತ್ತದೆ. ಮೊದಲೇ ಅದನ್ನು ಎರಡು ಸಾಲಿಗೆ ಇಳಿಸಿ ಬರೆದುಕೊಂಡು ಹೋಗಿ.

ತಿಂಗಳಿಗೆ ಎಷ್ಟು ದುಡ್ಡು ಬರಬಹುದು, ಎಲ್ಲಿಂದ ಅನ್ನುವ ಪ್ರಶ್ನೆಗೆ ಹೆದರಬೇಡಿ. ಎಲ್ಲರಿಗೂ ಕೇಳುತ್ತಾರೆ. ಕೆಲಸ ಇಲ್ಲದಿದ್ದರೆ "ಗಂಡನ ಸಂಬಳದಿಂದ ಮನೆ ಖರ್ಚಿಗೆ ಇಷ್ಟು" ಅಂತ ಇದ್ದದ್ದನ್ನು ಹೇಳಿ. ಊರಿನಿಂದ ಅಪ್ಪ ದೊಡ್ಡ ಮೊತ್ತ ಕಳಿಸುವುದಿದ್ದರೆ ಅದನ್ನೂ ಈಗಲೇ ಹೇಳಿಬಿಡಿ. ಆಮೇಲೆ ದಿಢೀರ್ ಅಂತ ಬಂದರೆ ಖಾತೆ ತಡೆಹಿಡಿದು ವಿಚಾರಿಸುತ್ತಾರೆ.

ಎರಡು ವಿಷಯಕ್ಕೆ ಬೇಡ ಅನ್ನಲು ಸಿದ್ಧರಾಗಿರಿ. ಒಂದು, ಪ್ರವಾಸ ವಿಮೆ, ಕಾರು ಕೆಟ್ಟರೆ ಸಹಾಯ ಅಂತೆಲ್ಲ ಸೇರಿಸಿ ತಿಂಗಳಿಗಿಷ್ಟು ಶುಲ್ಕ ಹಾಕುವ ಖಾತೆ. ಸಾಮಾನ್ಯ ಖಾತೆಗೆ ತಿಂಗಳ ಶುಲ್ಕ ಇಲ್ಲ, ಮಿನಿಮಮ್ ಬ್ಯಾಲೆನ್ಸ್ ದಂಡವೂ ಇಲ್ಲ. ಎರಡು, ಓವರ್‌ಡ್ರಾಫ್ಟ್, ಅಂದರೆ ಖಾತೆಯಲ್ಲಿ ಇಲ್ಲದ ದುಡ್ಡನ್ನೂ ತೆಗೆಯಲು ಬಿಡುವ ಸಾಲ. ಅದರ ಬಡ್ಡಿ ಬಹಳ ಬ್ಯಾಂಕುಗಳಲ್ಲಿ ವರ್ಷಕ್ಕೆ ಶೇ. 40ರ ಹತ್ತಿರ. ಕೇಳದೆ ಬಂದರೆ ಸೊನ್ನೆಗೆ ಇಳಿಸಿ ಅನ್ನಿ.

ಕೊನೆಗೆ ಏನೇ ಸಾಲದು ಅಂದರೂ, ನಿಖರವಾಗಿ ಯಾವ ಕಾಗದ ಬೇಕು ಅಂತ ಬರೆಸಿಕೊಂಡು, ಬರೆದುಕೊಟ್ಟವರ ಹೆಸರು ಕೇಳಿಕೊಂಡು ಬನ್ನಿ. ಮೂರನೇ ಸಲ ನನ್ನನ್ನು ವಾಪಸ್ ಕಳಿಸಿದ್ದು ಎರಡನೇ ಸಲ ನೋಡಿದವರಲ್ಲ, ಬೇರೆಯವರು. ಅವರು ಕೇಳಿದ್ದೂ ಬೇರೆ.

ಹೆಜ್ಜೆ 7: ಅಂಚೆ ಕಾಯುವುದು

ಕಾರ್ಡು ಒಂದು ಲಕೋಟೆಯಲ್ಲಿ, ಪಿನ್ ಇನ್ನೊಂದರಲ್ಲಿ, ಬೇರೆ ಬೇರೆ ದಿನ ಬರುತ್ತವೆ. ಹಂಚಿಕೊಂಡ ಮನೆಯಾದರೆ ಅಂಚೆಯೆಲ್ಲ ಹಜಾರದಲ್ಲಿ ರಾಶಿ ಬಿದ್ದಿರುತ್ತದೆ. ಬ್ಯಾಂಕಿನ ಲಕೋಟೆಯ ಮೇಲೆ ಬ್ಯಾಂಕಿನ ಹೆಸರಿಲ್ಲದೆ ಇರಬಹುದು. ಜಾಹೀರಾತು ಅಂತ ರೂಮ್‌ಮೇಟು ಕಸಕ್ಕೆ ಹಾಕಿದ ಕಥೆ ಕೇಳಿದ್ದೇನೆ. ಹತ್ತು ಕೆಲಸದ ದಿನ ಕಳೆದರೂ ಬರದಿದ್ದರೆ ಫೋನ್ ಮಾಡಿ ಹಳೆಯದನ್ನು ರದ್ದು ಮಾಡಿಸಿ.

ಹೆಜ್ಜೆ 8: ಈಗ ಉಳಿತಾಯ

ಇಲ್ಲಿ ತನಕ ಬಂದಿದ್ದರೆ ಉಳಿದದ್ದು ಸಲೀಸು. ನಮ್ಮ ಲೆಕ್ಕದಲ್ಲೇ ಹೇಳುತ್ತೇನೆ. ಈಸಿ ಆ್ಯಕ್ಸೆಸ್ ಅಂದರೆ ಬೇಕಾದಾಗ ತೆಗೆಯಬಹುದಾದದ್ದು. ಫಿಕ್ಸ್ಡ್ ರೇಟ್ ಬಾಂಡ್ ಅಂದರೆ ನಮ್ಮ ಎಫ್‌ಡಿ, ಆದರೆ ಅವಧಿಗೆ ಮೊದಲು ಮುರಿಯಲು ಸಾಮಾನ್ಯವಾಗಿ ಬಿಡುವುದಿಲ್ಲ. ರೆಗ್ಯುಲರ್ ಸೇವರ್ ಅಂದರೆ ಆರ್‌ಡಿ. ಬಡ್ಡಿ ಇದಕ್ಕೇ ಜಾಸ್ತಿ ಕಾಣುತ್ತದೆ. ಆದರೆ ತಿಂಗಳಿಗೆ ಇಷ್ಟೇ ಹಾಕಬಹುದು ಅಂತ ಮಿತಿ ಇರುತ್ತದೆ, ಅದೇ ಬ್ಯಾಂಕಿನ ಕರೆಂಟ್ ಅಕೌಂಟೂ ಬಹಳ ಕಡೆ ಕಡ್ಡಾಯ.

ದೊಡ್ಡ ಬ್ಯಾಂಕುಗಳ ಈಸಿ ಆ್ಯಕ್ಸೆಸ್ ಬಡ್ಡಿ ಸಾಮಾನ್ಯವಾಗಿ ಸಣ್ಣ ಬ್ಯಾಂಕುಗಳಿಗಿಂತ ಕಡಿಮೆ. ನಾಲ್ಕು ಸಲ ಅಲೆದು ತೆಗೆಸಿದ ಖಾತೆಯಲ್ಲೇ ದುಡ್ಡಿಡಬೇಕು ಅಂತ ಹಟ ಬೇಡ. ಕರೆಂಟ್ ಅಕೌಂಟ್ ಅಲ್ಲಿರಲಿ, ಉಳಿತಾಯ ಬೇರೆ ಕಡೆ ಇರಲಿ. "ಮೊದಲ 12 ತಿಂಗಳು ಬೋನಸ್" ಅಂತ ಇದ್ದರೆ ಅದು ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಸಣ್ಣ ಬ್ಯಾಂಕು ಮುಳುಗಿದರೆ? ಎಫ್‌ಎಸ್‌ಸಿಎಸ್ ಅನ್ನುವ ವ್ಯವಸ್ಥೆ ಇದೆ. 2025ರ ಡಿಸೆಂಬರ್ 1ರಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 1,20,000 ಪೌಂಡ್ ತನಕ ರಕ್ಷಣೆ. ಅದಕ್ಕೂ ಮೊದಲು 85,000 ಇತ್ತು. ಲೆಕ್ಕ ಬ್ಯಾಂಕಿನ ಲೈಸೆನ್ಸಿಗೆ, ಬೋರ್ಡಿನ ಹೆಸರಿಗಲ್ಲ. ಎಚ್‌ಎಸ್‌ಬಿಸಿ ಮತ್ತು ಫಸ್ಟ್ ಡೈರೆಕ್ಟ್ ಎರಡಕ್ಕೂ ಸೇರಿ ಒಂದೇ ಮಿತಿ. ಹ್ಯಾಲಿಫ್ಯಾಕ್ಸ್, ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಕೂಡ ಹಾಗೇ.

ತೆರಿಗೆ. 2016ರ ಏಪ್ರಿಲ್‌ನಿಂದ ಬ್ಯಾಂಕು ಬಡ್ಡಿಯಲ್ಲಿ ತೆರಿಗೆ ಹಿಡಿಯುವುದಿಲ್ಲ. ಮೂಲ ದರದ ತೆರಿಗೆದಾರರಿಗೆ ವರ್ಷಕ್ಕೆ 1,000 ಪೌಂಡ್ ಬಡ್ಡಿಗೆ, ಅದರ ಮೇಲಿನ ದರದವರಿಗೆ 500ಕ್ಕೆ ತೆರಿಗೆ ಇಲ್ಲ. ಎಲ್ಲಕ್ಕಿಂತ ಮೇಲಿನ ದರದವರಿಗೆ ಈ ರಿಯಾಯಿತಿಯೇ ಇಲ್ಲ. ಐಸಾ ಅನ್ನುವ ವಿಶೇಷ ಉಳಿತಾಯ ಖಾತೆಯ ಬಡ್ಡಿಗೆ ಇಲ್ಲಿ ತೆರಿಗೆಯೇ ಇಲ್ಲ. ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರ ತನಕ ಒಟ್ಟು 20,000 ಪೌಂಡ್ ಹಾಕಬಹುದು. ನಗದು ಐಸಾಗೆ (ಷೇರಿನದ್ದಲ್ಲ, ಬರೀ ದುಡ್ಡಿಡುವುದಕ್ಕೆ) ಮಾತ್ರ 2027ರ ಏಪ್ರಿಲ್‌ನಿಂದ, 65 ವರ್ಷದೊಳಗಿನವರಿಗೆ 12,000ದ ಮಿತಿ ತರುವುದಾಗಿ 2025ರ ಬಜೆಟ್ಟಿನಲ್ಲಿ ಹೇಳಿದ್ದಾರೆ. ಊರಿಗೆ ವಾಪಸ್ ಹೋದ ಮೇಲೆ ಐಸಾ ಇಟ್ಟುಕೊಳ್ಳಬಹುದು, ಹೊಸದಾಗಿ ದುಡ್ಡು ಹಾಕುವಂತಿಲ್ಲ. ಭಾರತದ ತೆರಿಗೆಯವರು ಐಸಾ ಅಂತ ವಿನಾಯಿತಿ ಕೊಡುವುದಿಲ್ಲ.

ಊರಿನ ಎಸ್‌ಬಿ ಖಾತೆಯನ್ನೂ ಮರೆಯಬೇಡಿ. ಅನಿವಾಸಿ ಆದ ಮೇಲೆ ಫೆಮಾ ಅನ್ನುವ ವಿದೇಶಿ ವಿನಿಮಯ ಕಾಯ್ದೆಯ ಪ್ರಕಾರ ಅದನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆ, ಮಾಡಿಸಬೇಕು. ಸುಮ್ನೆ ಇರಲಿ ಬಿಡು ಅಂತ ಹತ್ತು ವರ್ಷ ಬಿಟ್ಟವರಿದ್ದಾರೆ.

ಬೇಡ ಅಂದರೆ ಏನು ಮಾಡುವುದು?

ಮೊದಲು ಬೇಸಿಕ್ ಬ್ಯಾಂಕ್ ಅಕೌಂಟ್ ಕೇಳಿ. ಹಾಗೆ ಹೆಸರು ಹೇಳಿಯೇ ಕೇಳಬೇಕು, ಅವರಾಗಿ ಹೇಳದೆ ಇರಬಹುದು. ಓವರ್‌ಡ್ರಾಫ್ಟ್ ಇಲ್ಲ, ಶುಲ್ಕ ಇಲ್ಲ, ಡೆಬಿಟ್ ಕಾರ್ಡು ಇದೆ. ಸರ್ಕಾರ ಗೊತ್ತುಮಾಡಿದ ದೊಡ್ಡ ಬ್ಯಾಂಕುಗಳು, ಅರ್ಹರಿಗೆ ಅದನ್ನು 2015ರ ನಿಯಮದ ಪ್ರಕಾರ ಕೊಡಬೇಕು. ಕ್ರೆಡಿಟ್ ಹಿಸ್ಟರಿ ಇಲ್ಲ ಅನ್ನುವುದು ಅದಕ್ಕೆ ಅಡ್ಡಿಯಲ್ಲ. ಗುರುತು, ವಿಳಾಸ ಮಾತ್ರ ಇದಕ್ಕೂ ಬೇಕು.

ಒಂದು ಕಡೆ ಆಗಲಿಲ್ಲ ಅಂತ ಅದೇ ವಾರ ಆರು ಕಡೆ ಅರ್ಜಿ ಗುಜರಾಯಿಸಬೇಡಿ. ಕೆಲವು ಅರ್ಜಿಗಳು ಕ್ರೆಡಿಟ್ ಕಡತದಲ್ಲಿ ಗುರುತು ಬಿಡುತ್ತವೆ.

ನಿಮ್ಮ ಕಾಗದ ಅವರದೇ ಪಟ್ಟಿಯಲ್ಲಿದ್ದೂ ಬೇಡ ಅಂದರೆ ಲಿಖಿತವಾಗಿ ದೂರು ಕೊಡಿ. ಬ್ಯಾಂಕಿಗೆ ಉತ್ತರ ಕೊಡಲು 8 ವಾರ ಇದೆ. ಉತ್ತರ ಒಪ್ಪಿಗೆಯಾಗದಿದ್ದರೆ, ಅಥವಾ 8 ವಾರ ಕಳೆದರೂ ಬರದಿದ್ದರೆ ಬ್ಯಾಂಕಿನ ಮೇಲಿನ ದೂರು ತೀರ್ಮಾನಿಸುವ ಫೈನಾನ್ಶಿಯಲ್ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಬ್ಯಾಂಕಿನ ಕೊನೆಯ ಉತ್ತರ ಬಂದ 6 ತಿಂಗಳೊಳಗೆ ಹೋಗಬೇಕು, ಖರ್ಚಿಲ್ಲ. ನನ್ನ ಅನುಭವದಲ್ಲಿ "ದೂರು" ಅನ್ನುವ ಪದವನ್ನು ಮೆತ್ತಗೆ ಹೇಳಿದರೂ ಸಾಕು, ಮೇಜಿನ ಆಚೆ ಮ್ಯಾನೇಜರ್ ಬರುತ್ತಾರೆ. ನಾಲ್ಕನೇ ಸಲ ನನಗೆ ಖಾತೆ ಆದದ್ದು ಅರ್ಧ ಕೌನ್ಸಿಲ್ ಬಿಲ್ಲಿನಿಂದ, ಅರ್ಧ ಆ ಪದದಿಂದ.

ಓದಲು ಬಂದ ಮಕ್ಕಳಿಗೆ ಒಂದು ಮಾತು. ಖಾತೆ ಆದ ಮೇಲೆ "ನನ್ನದಿನ್ನೂ ಆಗಿಲ್ಲ, ನಿನ್ನ ಖಾತೆಗೆ ಸ್ವಲ್ಪ ದುಡ್ಡು ಹಾಕಿಸ್ತೀನಿ, ನಿನಗೆ ನೂರು ಪೌಂಡ್ ಇಟ್ಕೊ" ಅಂತ ಯಾರಾದರೂ ಬರುತ್ತಾರೆ. ನಮ್ಮ ಭಾಷೆಯವರೇ ಆಗಿರಬಹುದು. ಅದು ಬೇರೆಯವರ ಕದ್ದ ದುಡ್ಡನ್ನು ನಿಮ್ಮ ಖಾತೆಯಲ್ಲಿ ದಾಟಿಸುವ ಕೆಲಸ. ಇಲ್ಲಿ ಅದಕ್ಕೆ ಮನಿ ಮ್ಯೂಲ್ ಅನ್ನುತ್ತಾರೆ. ಸಿಕ್ಕಿಬಿದ್ದರೆ ಸಿಫಾಸ್ ಎಂಬ ವಂಚನೆ ತಡೆ ಸಂಸ್ಥೆಯ ಪಟ್ಟಿಯಲ್ಲಿ 6 ವರ್ಷ ಹೆಸರು ಉಳಿಯಬಹುದು, ಆಗ ಬೇರೆ ಬ್ಯಾಂಕು ಖಾತೆ ಕೊಡುವುದು ಕಷ್ಟ. ಹಣ ಅಕ್ರಮ ವರ್ಗಾವಣೆಗೆ ಜೈಲು ಶಿಕ್ಷೆ 14 ವರ್ಷದ ತನಕ ಇದೆ.

ಮನೆ ಬದಲಿಸಿದಾಗ ಮೊದಲ ವಾರದಲ್ಲೇ ಬ್ಯಾಂಕಿಗೆ, ಯುಕೆವಿಐ ಖಾತೆಗೆ, ಕೌನ್ಸಿಲ್ಲಿಗೆ ಹೊಸ ವಿಳಾಸ ಕೊಡಿ. ಕೌನ್ಸಿಲ್ಲಿಗೆ ಕೊಡುವಾಗ ಮನೆಯ ಇಬ್ಬರ ಹೆಸರನ್ನೂ ಹೇಳಿ. ಇಲ್ಲದಿದ್ದರೆ ಹೊಸ ಬಿಲ್ಲು ಮತ್ತೆ ಒಬ್ಬರ ಹೆಸರಲ್ಲೇ ಬಂದುಬಿಡುತ್ತದೆ.